ಎರೆಮಣ್ಣಿನ ಮೇಲೊಂದು ಬಾಗಿಲು

ಕಟ್ಟಿದ ಮನೆ ಕೊಳ್ಳುವುದು ಅಗ್ಗವೋ, ಹೊಸದು ಕಟ್ಟಿಸುವುದು ಅಗ್ಗವೋ ಎಂದು ಯಾರಾದರೂ ನನ್ನ ಮುಂದೆ ಮಾತು ತೆಗೆದರೆ ಇವತ್ತಿಗೂ ಮೈ ಉರಿಯುತ್ತದೆ. ಸ್ಟಾಫ್ ರೂಮಿನಲ್ಲಿ ಹೊಸದಾಗಿ ಮದುವೆಯಾದ ಟೀಚರುಗಳು ಬಂದು ಪಕ್ಕದಲ್ಲಿ ಕುಳಿತು, ನೀವು ಮನೆ ಕಟ್ಟಿಸಿದವರು, ನೀವೇ ಹೇಳಿ ಎನ್ನುತ್ತಾರೆ. ನಾನು ಹೇಳುವುದಿಲ್ಲ. ಹೇಳಲು ಶುರು ಮಾಡಿದರೆ ಮುಂದಿನ ಪಿರಿಯಡ್ಡಿನ ಗಂಟೆ ಹೊಡೆದರೂ ಮುಗಿಯುವುದಿಲ್ಲ, ಹುಡುಗರು ಕ್ಲಾಸಿನಲ್ಲಿ ಬೆಂಚು ಮುರಿಯುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೇಳಿದ್ದು ಅರಮನೆಯನ್ನಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಅಷ್ಟೇ. ನಾನು ಹುಟ್ಟಿ ಬೆಳೆದ ಕಿತ್ತೂರಿನ ಮನೆಯಲ್ಲಿ ಬೀದಿ ಬಾಗಿಲು ಬಿಟ್ಟರೆ ಇನ್ನೊಂದು ಬಾಗಿಲಿರಲಿಲ್ಲ. ಪಡಸಾಲೆ, ಅಡುಗೆಮನೆ, ಎತ್ತು ಕಟ್ಟುವ ಜಾಗ ಎಲ್ಲ ಒಂದರೊಳಗೊಂದು. ಮದುವೆಯಾಗಿ ರಾಮದುರ್ಗದ ಹತ್ತಿರದ ಹಳ್ಳಿಗೆ ಹೋದರೆ, ಅಲ್ಲಿ ನಮಗಾಗಿ ಒಂದು ಮೂಲೆಗೆ ಹಳೆಯ ಸೀರೆಯನ್ನು ಅಡ್ಡ ಕಟ್ಟಿದ್ದರು. ಆಮೇಲೆ ಬೈಲಹೊಂಗಲದ ಹೈಸ್ಕೂಲಿನಲ್ಲಿ ನನಗೆ ನೌಕರಿ ಸಿಕ್ಕಿತು, ನನ್ನ ಗಂಡ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದರು. ಆಗ ನಾವು ಹಿಡಿದ ಬಾಡಿಗೆ ಮನೆಯೋ, ಮಾಲಕರ ಮಂದಿ ಹಿತ್ತಲಿಗೆ ಹೋಗುವ ಹಾದಿ. ಅವರ ಹಿರಿಯರು, ಮಕ್ಕಳು, ಕೊನೆಗೆ ಆಕಳು ಕೂಡ ನಮ್ಮ ನಡುಮನೆಯಲ್ಲೇ ಹಾದು ಹೋಗಬೇಕು. ನಾನು ಪರೀಕ್ಷೆಯ ಪೇಪರು ಹರಡಿಕೊಂಡು ಕುಳಿತರೆ ಆಕಳು ನಿಂತು ನೋಡುತ್ತಿತ್ತು. ಅದಕ್ಕೂ ಅಂಕ ಹಾಕಿಸುವ ಆಸೆಯಿತ್ತೋ ಏನೋ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮನೆಯಲ್ಲಿದ್ದಾಗಲೇ ನನ್ನ ಅವ್ವ ತೀರಿಕೊಂಡಳು. ಕಿತ್ತೂರಿನಲ್ಲಿ ಎಲ್ಲ ಕಾರ್ಯ ಮುಗಿಸಿ ಬೈಲಹೊಂಗಲಕ್ಕೆ ಬಂದ ದಿನ ನನಗೆ ಮನಸಾರೆ ಅಳಬೇಕಿತ್ತು. ಎಲ್ಲಿ ಅಳುವುದು? ನಡುಮನೆಯಲ್ಲಿ ಮಾಲಕರ ಮಕ್ಕಳು, ಅಡುಗೆಮನೆಯಲ್ಲಿ ನನ್ನ ಮಕ್ಕಳು. ಬಚ್ಚಲಿಗೆ ಹೋಗಿ, ಚಿಲಕವಿಲ್ಲದ ತಗಡಿನ ಬಾಗಿಲನ್ನು ಕಾಲಿನಿಂದ ಒತ್ತಿ ಹಿಡಿದು, ಸಪ್ಪಳ ಹೊರಗೆ ಕೇಳಬಾರದೆಂದು ತಂಬಿಗೆ ತಂಬಿಗೆ ನೀರು ಸುರಿಯುತ್ತ ಅಳುತ್ತ ಕುಳಿತೆ. ಮಾಲಕರ ಹೆಂಡತಿ ಹೊರಗಿನಿಂದ, ನಳದ ನೀರು ಯಾವಾಗಲೋ ಒಮ್ಮೆ ಬರುವುದು, ಹಂಡೆ ಖಾಲಿ ಮಾಡಬೇಡಿರೆಂದು ಕೂಗಿದರು. ನಾನು ನೀರು ನಿಲ್ಲಿಸಿದೆ, ಅಳುವುದನ್ನೂ ನಿಲ್ಲಿಸಿದೆ. ಒಂದು ಬಾಗಿಲು ಬೇಕೇ ಬೇಕು ಎಂದು ಅವತ್ತು ನಿಶ್ಚಯ ಮಾಡಿದೆ.

ಅದು ತೊಂಬತ್ತರ ದಶಕದ ನಡುಗಾಲ. ಸವದತ್ತಿ ಕಡೆ ಹೋಗುವ ರಸ್ತೆಯ ಪಕ್ಕ, ತುಸು ಎತ್ತರದ ಕಲ್ಲು ನೆಲದ ಮೇಲೆ ಒಂದು ಹಳೆಯ ಮನೆ ಮಾರಾಟಕ್ಕಿದೆಯೆಂದು ಗೊತ್ತಾಯಿತು. ಅದು ಒಂದು ವ್ಯಾಪಾರಸ್ಥ ಕುಟುಂಬದ್ದು. ಎಲ್ಲಮ್ಮನ ಗುಡ್ಡಕ್ಕೆ ಬರುವ ಮಂದಿಗೆ ಕಾಯಿ, ಕರ್ಪೂರ, ಭಂಡಾರ ಮಾರುವ ಅಂಗಡಿ ಹಾಕುವುದಕ್ಕೆ ಅವರು ಉಗರಗೋಳಕ್ಕೆ ಹೊರಟಿದ್ದರು. ಜಗಳವಿಲ್ಲ, ದೆವ್ವವಿಲ್ಲ, ಕೋರ್ಟಿಲ್ಲ. ಕಲ್ಲಿನ ಗೋಡೆ, ಸಾಗವಾನಿ ತೊಲೆ. ಒಳಗೆ ಉಪ್ಪಿನಕಾಯಿ ಭರಣಿ ಇಡುವ ಒಂದು ಸಣ್ಣ ಕೋಣೆ. ಆ ಕೋಣೆಯ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದೆ. ಕಿರ್ ಎನ್ನದೆ ಹೋಗಿ ಚೌಕಟ್ಟಿಗೆ ಕೂತಿತು. ಚಿಲಕ ಟಕ್ ಎಂದು ಬಿತ್ತು. ಭರಣಿಗಳ ನಡುವೆ ನಿಂತುಕೊಂಡೇ ನನ್ನ ಮೇಜನ್ನು ಎಲ್ಲಿಡಬೇಕೆಂದು ಲೆಕ್ಕ ಹಾಕಿಬಿಟ್ಟೆ.

ಗಂಡನಿಗೆ ಮಾತ್ರ ಅದು ಇನ್ನೊಬ್ಬರು ಉಟ್ಟು ಬಿಟ್ಟ ಧೋತರದಂತೆ ಕಂಡಿತು. ಹಳೆಯ ಮನೆಗೆ ಎಲ್ಲ ರೊಕ್ಕ ಒಮ್ಮೆಗೇ ಎಣಿಸಬೇಕು, ಕಟ್ಟಿಸುವುದಾದರೆ ಕೈಯಲ್ಲಿ ಇದ್ದ ಹಾಗೆ ಖರ್ಚು ಮಾಡಬಹುದು ಎಂಬುದು ಅವರ ವಾದ. ಕೇಳಲು ಚೆಂದದ ಮಾತು. ಈ ಮಾತು ನಂಬಿ ಕೆಟ್ಟವರು ಬೈಲಹೊಂಗಲದಲ್ಲಿ ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ. ನಾನು ಜಗ್ಗಲಿಲ್ಲ. ಕೊನೆಗೆ, ಅಪ್ಪ ಬಂದು ನೋಡಲಿ, ಅವರು ಹೂಂ ಅಂದರೆ ಕೊಳ್ಳೋಣ ಎಂದು ಒಪ್ಪಿಕೊಂಡರು.

ನನ್ನ ಮಾವ ಮಲಪ್ರಭೆಯ ದಂಡೆಯಲ್ಲಿ ಒಕ್ಕಲುತನ ಮಾಡುವವರು. ಸುತ್ತಮುತ್ತ ಯಾರು ಹೊಲ ಕೊಳ್ಳಬೇಕಾದರೂ ಅವರನ್ನು ಕರೆದೊಯ್ಯುತ್ತಿದ್ದರು. ಮಣ್ಣನ್ನು ಮುಟ್ಟಿ, ಮೂಸಿ, ಒಮ್ಮೊಮ್ಮೆ ನಾಲಿಗೆಗೂ ಹಚ್ಚಿ, ಇಲ್ಲಿ ಏನು ಬೆಳೆದೀತು ಎಂದು ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳಾಗಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥವರು ಬಂದು ಆ ಹಳೆಯ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟವರೇ ಗೋಡೆ ನೋಡಲಿಲ್ಲ, ತೊಲೆ ನೋಡಲಿಲ್ಲ, ನನ್ನ ಕೋಣೆಯ ಕಡೆ ಕತ್ತೂ ತಿರುಗಿಸಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋದರು. ಹೆಬ್ಬೆರಳಿನಿಂದ ನೆಲ ಕೆದರಿದರು. ಕಲ್ಲು ತಾಗಿತು. ಅಲ್ಲೇ ಬಿದ್ದಿದ್ದ ಕಬ್ಬಿಣದ ತುಂಡಿನಿಂದ ಇನ್ನೊಂದು ಕಡೆ ಕೆದರಿದರು. ಅಲ್ಲಿಯೂ ಕಲ್ಲು.

“ಇಲ್ಲಿ ಒಂದು ಕರಿಬೇವಿನ ಗಿಡಾನೂ ಹತ್ತಂಗಿಲ್ಲ,” ಅಂದರು. ಅಲ್ಲಿಗೆ ಆ ಮನೆಯ ಕತೆ ಮುಗಿಯಿತು.

ಮಾವಾರ, ನಾವು ಇಲ್ಲಿ ಬಿತ್ತನೆ ಮಾಡುವುದಿಲ್ಲ, ಇರುತ್ತೇವೆ ಅಷ್ಟೇ ಎಂದು ನಾನು ಹೇಳಿ ನೋಡಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಗಿಡ ಬದುಕದ ಕಡೆ ಮನುಷ್ಯರು ಹೇಗೆ ಬದುಕುತ್ತಾರೆ ಎಂಬುದು ಆ ನೋಟದ ಅರ್ಥ. ಅವರ ಮಗನೂ ಅದೇ ನೋಟ ನೋಡಿದರು, ಅವರಿಗಂತೂ ನೆಪ ಸಿಕ್ಕಿತ್ತು.

ಮುಂದಿನ ವಾರವೇ ಅಪ್ಪ ಮಗ ಸೇರಿ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಪ್ಲಾಟು ನೋಡಿ ಬಂದರು. ನನ್ನನ್ನೂ ಕರೆದುಕೊಂಡು ಹೋದರು. ಹಿಂದಿನ ವರ್ಷದ ತನಕ ಹತ್ತಿ ಬೆಳೆಯುತ್ತಿದ್ದ ಹೊಲ ಅದು; ಹತ್ತಿಕಟ್ಟಿಗೆಯ ಬುಡಗಳು ಇನ್ನೂ ನಿಂತಿದ್ದವು. ಮಾವ ಕುಕ್ಕರುಗಾಲಲ್ಲಿ ಕುಳಿತು ಒಂದು ಹಿಡಿ ಎರೆಮಣ್ಣು ತೆಗೆದು, ತಂಬಿಗೆಯ ನೀರು ಚಿಮುಕಿಸಿ ಉಂಡೆ ಕಟ್ಟಿದರು. ಉಂಡೆ ಎಣ್ಣೆ ಸವರಿದಂತೆ ಹೊಳೆಯಿತು. ಅವರ ಮುಖವೂ ಹೊಳೆಯಿತು.

“ಆಳುದ್ದ ಎರಿ ಐತಿ ನೋಡವಾ. ಈ ಮಣ್ಣಾಗ ಕಲ್ಲು ಬಿತ್ತಿದ್ರೂ ನಾಟತಾವ.”

ಮನೆ ಕಟ್ಟುವ ಜಾಗಕ್ಕೆ ಇದು ಹೊಗಳಿಕೆಯಲ್ಲ, ಬೈಗುಳ ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದವರು ಊರಲ್ಲಿ ಇದ್ದರು, ಆದರೆ ಮಣ್ಣಿನ ಮಾತಿನಲ್ಲಿ ನನ್ನ ಮಾವನ ಎದುರು ಬಾಯಿ ತೆರೆಯುವವರು ಯಾರು? ಆಮೇಲೆ ಅವರ ಹಳ್ಳಿಗೆ ಹೋದಾಗ ಕಣ್ಣು ಬಿಟ್ಟು ನೋಡಿದೆ. ಊರಿಗೆ ಊರೇ ಒಂದು ಬೋಳು ದಿನ್ನೆಯ ಮೇಲಿದೆ. ಸುತ್ತಲಿನ ಕರಿ ಹೊಲದಲ್ಲಿ ಒಂದು ಗುಡಿಸಲೂ ಇಲ್ಲ. ಹಿಂದಿನವರು ಏನೂ ಬೆಳೆಯದ ಕಡೆ ಮನೆ ಕಟ್ಟಿ, ಬೆಳೆಯುವ ಕಡೆ ಬಿತ್ತಿದ್ದರು. ಅದನ್ನು ದಿನಾ ನೋಡುತ್ತಲೇ ಬೆಳೆದ ಈ ಹಿರಿಯರಿಗೆ, ಮಗನ ಮನೆಗೆ ಅತ್ಯುತ್ತಮವಾದ ಮಣ್ಣೇ ಬೇಕೆನ್ನಿಸಿತು. ಪ್ರೀತಿಯಿಂದಲೇ ಆರಿಸಿದರು, ಅದರಲ್ಲಿ ಅನುಮಾನವಿಲ್ಲ. ಆ ಪ್ರೀತಿಯ ಸಾಲ ಮಾತ್ರ ನನ್ನ ಪಗಾರದಲ್ಲಿ ಕಡಿತವಾಗುತ್ತಿತ್ತು.

ಪಾಯ ತೆಗೆಯಲು ಶುರುವಾಯಿತು. ನಾನು ದಿನಾ ಸಂಜೆ ಶಾಲೆಯಿಂದ ನೆಟ್ಟಗೆ ಅಲ್ಲಿಗೆ ಹೋಗುತ್ತಿದ್ದೆ. ಮನೆ ಕಟ್ಟುವ ಗೌಂಡಿ ತಗ್ಗಿನೊಳಗಿಂದ ತಲೆ ಎತ್ತಿ, ಇನ್ನೂ ಗಟ್ಟಿ ನೆಲ ಹತ್ತಿಲ್ಲ ಎನ್ನುತ್ತಿದ್ದ. ಮೊದಮೊದಲು ಅವನ ಎದೆ ಕಾಣುತ್ತಿತ್ತು, ಆಮೇಲೆ ಬರೀ ರುಮಾಲು ಕಾಣುತ್ತಿತ್ತು, ಆಮೇಲೆ ದನಿ ಮಾತ್ರ ಕೇಳುತ್ತಿತ್ತು. ತಗ್ಗು ತುಂಬಲು ಟ್ರ್ಯಾಕ್ಟರುಗಟ್ಟಲೆ ಗರಸು ಮಣ್ಣು, ಟ್ರ್ಯಾಕ್ಟರುಗಟ್ಟಲೆ ಕಲ್ಲು. ಮಾವ ಹೇಳಿದ್ದಂತೆ ನಾವು ಅಲ್ಲಿ ಕಲ್ಲು ಬಿತ್ತಿದೆವು. ಒಂದೂ ನಾಟಲಿಲ್ಲ. ಆ ಮಣ್ಣು ಎಲ್ಲವನ್ನೂ ನುಂಗಿ ನೀರು ಕುಡಿಯಿತು. ನನ್ನ ಬಂಗಾರದ ಬಳೆ ಮಾರಿದ ರೊಕ್ಕವೂ ಆ ತಗ್ಗಿಗೇ ಹೋಯಿತು.

ಇದು ಸಾಲದೆಂದು ಉಸುಕಿನ ಕಾಟ. ಉಸುಕು ಹತ್ತಿರದಲ್ಲೇ ಸಿಗುತ್ತಿತ್ತು. ಆದರೆ ಮಾವನಿಗೆ ತಮ್ಮೂರ ಹೊಳೆಯ ಉಸುಕೇ ಆಗಬೇಕು. ಬೇರೆಯದರಲ್ಲಿ ಕಸುವಿಲ್ಲ ಎಂದು ಅವರ ಹಟ. ರಾಮದುರ್ಗದ ಕಡೆಯಿಂದ ಅದನ್ನು ಹೊತ್ತು ತಂದ ಗಾಡಿಯ ಬಾಡಿಗೆ ಉಸುಕಿನ ಬೆಲೆಯನ್ನು ಮೀರಿಸಿತು. ಗಾಡಿಯವನು ಮಾತ್ರ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ನಾನಾಗಿದ್ದರೂ ಮಾಡುತ್ತಿದ್ದೆ.

ಸಾಲ ಕೊಟ್ಟ ಬ್ಯಾಂಕಿನವರು ಕಳಿಸಿದ ಇಂಜಿನಿಯರು ತಗ್ಗನ್ನು ನೋಡಿ, ಇನ್ನೂ ಆಳಕ್ಕೆ ಹೋಗದಿದ್ದರೆ ಗೋಡೆ ನಿಲ್ಲುವುದಿಲ್ಲ ಅಂದರು. ರೊಕ್ಕ ಮುಗಿಯುತ್ತ ಬಂದಿದೆ ಎಂದು ಗಂಡ ಅಂದರು. ಇಷ್ಟು ಆಳ ಹೋದರೆ ಬಾವಿಯಾಗುತ್ತದೆ, ಸಾಕು ಎಂದು ಮಾವ ಅಂದರು. ಗೌಂಡಿಗೂ ಬೇರೆ ಕೆಲಸ ಕಾಯುತ್ತಿತ್ತು. ಯಾವ ಮಾತಿಗೂ ಒಂದಾಗದ ಗಂಡಸರು ಆ ತಗ್ಗಿನ ಸುತ್ತ ನಿಂತು ಒಂದಾಗಿ, ಅಲ್ಲಿಗೇ ನಿಲ್ಲಿಸಿದರು. ಪಾಯ ನೆಲದಿಂದ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ನಾವು ಹಾಕಿದ್ದ ಹಣದಲ್ಲಿ ಆ ಹಳೆಯ ಮನೆ, ಅದರ ತೊಲೆ, ಬಾಗಿಲು ಸಮೇತ ಹೆಚ್ಚುಕಡಿಮೆ ಬಂದುಬಿಡುತ್ತಿತ್ತು. ನಮ್ಮ ಮನೆಯ ಅರ್ಧ ಭಾಗವನ್ನು ನಾನು ಇವತ್ತಿಗೂ ನೋಡಿಲ್ಲ. ಅದು ನೆಲದೊಳಗಿದೆ.

ಗೋಡೆ ಏಳುವ ಹೊತ್ತಿಗೆ ಬಾಗಿಲ ಮುಹೂರ್ತ. ನಮ್ಮ ಕಡೆ ತಲೆಬಾಗಿಲಿನ ಚೌಕಟ್ಟು ನಿಲ್ಲಿಸುವುದೆಂದರೆ ಒಂದು ಮದುವೆಯೇ. ಬೀಗರು ಬಿಜ್ಜರು ಬರಬೇಕು, ಗೌಂಡಿಗೆ ಬಡಿಗನಿಗೆ ಬಟ್ಟೆ ಕೊಡಬೇಕು, ಹೋಳಿಗೆ ಬೇಯಿಸಬೇಕು. ಬಾಗಿಲಿಗೆ ಗಿಳಿ, ಮಾವಿನಕಾಯಿ, ಬಳ್ಳಿ ಎಲ್ಲ ಕೆತ್ತಿಸಿದರು. ತಂದಿದ್ದ ಸಾಗವಾನಿಯೆಲ್ಲ ಗಿಳಿಗಳಿಗೇ ಆಯಿತು. ನನ್ನ ಕೋಣೆಗೆ ಉಳಿದದ್ದು ಎಂಥದೋ ಅಗ್ಗದ ಹಲಗೆ. ಕೇಳಿದ್ದಕ್ಕೆ ಗಂಡ ಅಂದ ಮಾತು ಇನ್ನೂ ಕಿವಿಯಲ್ಲಿದೆ.

“ಒಳಗಿನ ಬಾಗಲಾ ಯಾರ ನೋಡತಾರ?”

ಯಾರೂ ನೋಡಬಾರದೆಂದೇ ನನಗೆ ಆ ಬಾಗಿಲು ಬೇಕಾಗಿತ್ತು. ಅದನ್ನು ಹೇಳುವಷ್ಟರಲ್ಲಿ ಅವರು ಹೋಳಿಗೆ ಬಡಿಸಲು ಹೋಗಿದ್ದರು.

ಇರಲಿ. ಬೇಸಿಗೆಯ ಆರಂಭದಲ್ಲಿ ಮನೆ ಹೊಕ್ಕೆವು. ಮೊದಲ ಸಂಜೆಯೇ ನಾನು ಕೋಣೆಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದು, ಏನೂ ಮಾಡದೆ ಸುಮ್ಮನೆ ಕುಳಿತೆ. ಹೊರಗೆ ಮಕ್ಕಳು ಬಾಗಿಲು ಬಡಿದರು. ಗಂಡ ಬಂದು ತಲೆನೋವೇ ಎಂದು ವಿಚಾರಿಸಿದರು. ಇಲ್ಲ, ಆರಾಮ ಇದ್ದೇನೆ ಎಂದೆ. ನಿಜವಾಗಿ ಆರಾಮ ಇದ್ದೆ. ಎಷ್ಟು ಬೈದರೂ ಆ ಕೆಲವು ವಾರಗಳ ಸುಖವನ್ನು ನಾನು ಇಲ್ಲವೆನ್ನಲಾರೆ.

ಮಳೆಗಾಲ ಬಂತು. ಎರೆಮಣ್ಣು ನೀರು ಕುಡಿದು ಹಿಟ್ಟಿನಂತೆ ಉಬ್ಬಿತು. ಕಿಟಕಿಯ ಮೂಲೆಯಿಂದ ಒಂದು ಬಿರುಕು ಹೊರಟು ಸೂರಿನ ತನಕ ಹೋಯಿತು. ನನ್ನ ಬಾಗಿಲು ಅರ್ಧಕ್ಕೆ ಬಂದು ನೆಲ ಕಚ್ಚಿ ನಿಂತಿತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಬಡಿಗ ಬಂದು ಕೆಳಗೆ ಹೆರೆದು ಹೋದ. ಬೇಸಿಗೆ ಬಂತು. ಮಣ್ಣು ಒಣಗಿ ಬಾಯಿ ಬಿಟ್ಟಿತು, ಗೋಡೆ ಇನ್ನೊಂದು ಕಡೆ ವಾಲಿತು. ಈಗ ಬಾಗಿಲಿಗೂ ಚೌಕಟ್ಟಿಗೂ ನಡುವೆ ಅಂಗೈ ತೂರುವಷ್ಟು ಸಂದು, ಚಿಲಕ ತನ್ನ ತೂತಿಗೆ ಎಟುಕುವುದಿಲ್ಲ. ಬಡಿಗ ಮೇಲೊಂದು ತೂತು ಕೊರೆದ. ಮುಂದಿನ ಮಳೆಗೆ ಅದೂ ತಪ್ಪಿತು, ಕೆಳಗೊಂದು ಕೊರೆದ. ಹೀಗೆ ವರ್ಷಗಳುರುಳಿ, ಚೌಕಟ್ಟಿನಲ್ಲಿ ಸಾಲಾಗಿ ತೂತುಗಳಾದವು. ಯಾವುದಕ್ಕೂ ಚಿಲಕ ಬೀಳುತ್ತಿರಲಿಲ್ಲ. ತಲೆಬಾಗಿಲಿನ ಗಿಳಿಗಳು ಮಾತ್ರ ಚೆನ್ನಾಗಿದ್ದವು.

ಬಿರುಕಿಗೆಲ್ಲ ಗಂಡ ಕ್ಯಾಲೆಂಡರು ತೂಗುಹಾಕಿದರು. ಕಿರಾಣಿ ಅಂಗಡಿಯದು, ಗೊಬ್ಬರದ ಅಂಗಡಿಯದು, ಬಟ್ಟೆ ಅಂಗಡಿಯದು. ಬಂದವರು, ನಿಮ್ಮ ಮನೆಯವರಿಗೆ ತಿಥಿ ವಾರದ ಮೇಲೆ ಬಹಳ ಭಕ್ತಿ ಎಂದು ಮೆಚ್ಚಿಕೊಂಡು ಹೋಗುತ್ತಿದ್ದರು.

ಇದರ ನಡುವೆ ಮಾವ ವರ್ಷದ ಬಹುಪಾಲು ನಮ್ಮಲ್ಲೇ ಉಳಿಯತೊಡಗಿದರು. ಮಗನಿಗಾಗಿಯೂ ಅಲ್ಲ, ಮೊಮ್ಮಕ್ಕಳಿಗಾಗಿಯೂ ಅಲ್ಲ, ಹಿತ್ತಲಿಗಾಗಿ. ಬರುವಾಗ ಧೋತರದ ಚುಂಗಿನಲ್ಲಿ ಬೀಜ ಕಟ್ಟಿಕೊಂಡು ಬರುತ್ತಿದ್ದರು. ಬದನೆ, ಹೀರೆ, ನುಗ್ಗೆ, ಮೆಂತೆ, ಕರಿಬೇವು. ಅವರು ಹೇಳಿದ್ದು ಸುಳ್ಳಾಗುವುದಿಲ್ಲ ಅಂದೆನಲ್ಲ. ಎಲ್ಲವೂ ಹುಚ್ಚುಹಿಡಿದಂತೆ ಬೆಳೆದವು. ಓಣಿಯ ಮಂದಿ ಬಂದು ಬಂದು ನೋಡಿದರು. ಗೋಡೆಯ ಬುಡದಲ್ಲಿ ಬದನೆಯ ಸಾಲು, ಅದಕ್ಕೆ ದಿನಾ ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು. ಗೋಡೆಗೆ ನೀರು ತಾಗಿಸಬೇಡಿ, ಪಾಯ ಉಬ್ಬುತ್ತದೆ ಎಂದು ಆ ಇಂಜಿನಿಯರು ಇನ್ನೊಮ್ಮೆ ಬಂದಾಗ ಹೇಳಿದ್ದರು. ನಾನೂ ಹೇಳಿದೆ. ಗಂಡನಿಂದಲೂ ಹೇಳಿಸಿದೆ. ಗಿಡ ಹಚ್ಚಿ ನೀರು ಹಾಕದಿರುವುದು ಮಕ್ಕಳನ್ನು ಹೆತ್ತು ಅನ್ನ ಹಾಕದಂತೆ ಎಂದು ಮಾವ ಹೇಳಿ ಕೊಡ ಎತ್ತಿದರು.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಬಾಗಿಲನ್ನು ಭುಜದಿಂದ ತಳ್ಳಿ ಮುಚ್ಚಲು ಹೋಗಿ ನನ್ನ ಬೆರಳು ಸಿಕ್ಕಿಬಿತ್ತು. ಉಗುರು ಕಪ್ಪಾಯಿತು. ಹೊರಗೆ ಬಂದರೆ ಮಾವ ಅದೇ ಗೋಡೆಯ ಬುಡಕ್ಕೆ ನೀರು ಹಾಕುತ್ತಿದ್ದಾರೆ. ಕೈಯಲ್ಲೊಂದು ದೊಡ್ಡ ಬದನೆಕಾಯಿ, ಮುಖದಲ್ಲಿ ನಗು. ಅಷ್ಟು ವರ್ಷ ಅವರೆದುರು ದನಿ ಎತ್ತಿರದ ನಾನು ಅವತ್ತು ಎತ್ತಿದೆ.

“ಮಾವಾರ, ನನಗ ಬದನಿಕಾಯಿ ಬ್ಯಾಡ್ರಿ. ನನಗ ಬಾಗಲಾ ಬೇಕು. ನಮ್ಮವ್ವ ಸತ್ತಾಗ ನಾ ಬಚ್ಚಲದಾಗ ಕುಂತು ಅತ್ತೇನಿ, ಗೊತ್ತೈತೇನ್ರಿ ನಿಮಗ?”

ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ನಾನು ಹೇಳಿರಲಿಲ್ಲ. ಅವರು ಕೊಡವನ್ನು ನೆಲಕ್ಕಿಟ್ಟರು. ಬದನೆಕಾಯಿಯನ್ನು ಎಲ್ಲಿಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತರು. ಅಂದಿನಿಂದ ಅವರು ಹಿತ್ತಲಿಗೆ ನೀರು ಹಾಕಲಿಲ್ಲ. ಕಟ್ಟೆಯ ಮೇಲೆ ಕುಳಿತು ಗಿಡ ಬಾಡುವುದನ್ನು ನೋಡುತ್ತಿದ್ದರು. ಊಟ ಕಡಿಮೆ ಮಾಡಿದರು. ನನಗೆ ಅದೂ ಸಿಟ್ಟೇ. ಬಾಗಿಲು ಕೇಳಿದವಳು ನಾನು, ಉಪವಾಸದವರು ಅವರು, ನೋಡಿದವರ ಕಣ್ಣಿಗೆ ಕೆಟ್ಟವಳು ಮತ್ತೆ ನಾನು.

ಆ ವಾರ, ಇದ್ದ ಕಾಯಿಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿ, ಸವದತ್ತಿ ರಸ್ತೆಯ ಆ ಹಳೆಯ ಮನೆಗೆ ಹೋದೆ. ಅದನ್ನು ಕೊಂಡವರು ಒಬ್ಬ ಸಾಬರು. ಲಾರಿಯಲ್ಲಿ ಕಬ್ಬು ಸಾಗಿಸುವ ಕೆಲಸ ಅವರದು. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು, ಅವರ ಹೆಂಡತಿ ಎಷ್ಟೋ ಸಲ ಚಹಾಕ್ಕೆ ಕರೆದಿದ್ದರು, ನಾನೇ ಹೋಗಿರಲಿಲ್ಲ. ಆಕೆ ಬದನೆಕಾಯಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದರು.

“ನಿಮ್ಮದು ನಸೀಬದ ಮಣ್ಣು ಟೀಚರ. ಇಲ್ಲಿ ಬರೇ ಕಲ್ಲು. ಒಂದ ಮೆಹಂದಿ ಗಿಡಾ ಹಚ್ಚೇನಿ, ಹತ್ತವಲ್ದು.”

ಸೀರೆ ಸರಿಮಾಡಿಕೊಳ್ಳಬೇಕು ಎಂದು ನೆಪ ಹೇಳಿ ಒಳಗಿನ ಕೋಣೆಗೆ ಹೋದೆ. ಉಪ್ಪಿನಕಾಯಿ ಭರಣಿಗಳ ಜಾಗದಲ್ಲಿ ಈಗ ಹಾಸಿಗೆಗಳ ಒಟ್ಟಿಲು, ಒಂದು ಟ್ರಂಕು. ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿದೆ. ಅಷ್ಟು ವರ್ಷವಾದ ಮೇಲೂ ಕಿರ್ ಎನ್ನದೆ ಹೋಗಿ ಕೂತಿತು. ಚಿಲಕ ಟಕ್ ಎಂದು ಬಿತ್ತು. ಟ್ರಂಕಿನ ಮೇಲೆ ಕುಳಿತೆ. ಇದು ನನ್ನದಾಗಬೇಕಿತ್ತು ಎಂದು ಹೊಟ್ಟೆ ಉರಿಯಿತು. ಇನ್ನೊಬ್ಬರ ಮನೆಯಲ್ಲಿ ಅಳುವುದು ಹೇಗೆಂದು ತಡೆದುಕೊಂಡೆ. ಎಷ್ಟು ಹೊತ್ತು ಕುಳಿತಿದ್ದೆನೋ, ಹೊರಗಿನಿಂದ ಆಕೆ ಮೆಲ್ಲಗೆ, ಚಹಾ ಆರುತ್ತಿದೆ ಎಂದು ಕರೆದರು.

ಮನೆಗೆ ಬಂದಾಗ ಮಾವ ನನ್ನ ಕೋಣೆಯ ಬಾಗಿಲ ಮುಂದೆ ನೆಲದ ಮೇಲೆ ಕುಳಿತಿದ್ದರು. ಊರಿನಿಂದ ತಂದಿದ್ದ, ದನ ಕಟ್ಟುವ ಹಗ್ಗವೊಂದನ್ನು ಬಾಗಿಲ ಒಳಬದಿಗೆ ಬಿಗಿದಿದ್ದರು. ಹಗ್ಗದಲ್ಲಿ ಸಾಲಾಗಿ ಕುಣಿಕೆಗಳು. ಚೌಕಟ್ಟಿನಲ್ಲಿ ಬಡಿಗ ಕೊರೆದ ಹಾಳು ತೂತುಗಳಲ್ಲೊಂದಕ್ಕೆ ಗೂಟ ಹೊಡೆದಿದ್ದರು.

“ಮಳಿಗಾಲಕ್ಕ ಈ ಕುಣಿಕಿ ಹಾಕ್ಕೋ, ಬ್ಯಾಸಗಿಗೆ ಆ ಕುಣಿಕಿ. ಮಣ್ಣು ಹೆಂಗ ಹೊರಳತೈತಿ, ಹಂಗ ನೀನೂ ಬಿಗಿ ಮಾಡು,” ಅಂದರು. ನನ್ನ ಮುಖ ನೋಡಲಿಲ್ಲ.

ನಾನು ಒಳಗೆ ಹೋದೆ. ಬಾಗಿಲು ತಳ್ಳಿ ಮುಚ್ಚಿ ಒಂದು ಕುಣಿಕೆಯನ್ನು ಗೂಟಕ್ಕೆ ಸಿಕ್ಕಿಸಿದೆ. ಬಾಗಿಲು ಗಟ್ಟಿ ನಿಂತಿತು, ಎಳೆದರೆ ಅಲುಗಲಿಲ್ಲ. ಪಕ್ಕದ ಸಂದು ಮಾತ್ರ ಹಾಗೇ ಇತ್ತು. ಆ ಸಂದಿನಲ್ಲಿ ಮಾವನ ಅರ್ಧ ಮುಖ ಕಾಣುತ್ತಿತ್ತು, ಒಂದು ಕಣ್ಣು, ಅರ್ಧ ಮೀಸೆ.

“ಬಾಗಲಾ ಹತ್ತಿತೇನವಾ?” ಎಂದು ಕೇಳಿದರು.

“ಹತ್ತೇತ್ರಿ ಮಾವಾರ,” ಅಂದೆ.

ಅವರು ಎದ್ದು ಹೋದ ಸಪ್ಪಳ ಕೇಳಿತು. ನಾನು ಮೇಜಿನ ಮುಂದೆ ಕುಳಿತು ಪೇಪರಿನ ಕಟ್ಟು ಬಿಚ್ಚತೊಡಗಿದೆ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಕೊಡದ ಸದ್ದಾಯಿತು, ಆಮೇಲೆ ನನ್ನ ಗೋಡೆಯ ಬುಡಕ್ಕೆ ದಬದಬ ನೀರು ಸುರಿಯುವ ಸಪ್ಪಳ. ಬಾಗಿಲು ಸರಿಹೋಯಿತಲ್ಲ, ಇನ್ನು ಬದನೆಗೆ ನೀರು ಹಾಕಲು ಅಡ್ಡಿಯೇನು ಎಂದುಕೊಂಡಿರಬೇಕು. ಸಿಟ್ಟು ಬಂತು, ನಗು ಬಂತು, ಕೊನೆಗೆ ಪೇಪರುಗಳ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮಾವ ನೀರು ಹಾಕುತ್ತಲೇ ಇದ್ದರು. ಆ ಸಪ್ಪಳದಲ್ಲಿ ನಾನು ಅತ್ತದ್ದು ಯಾರಿಗೂ ಕೇಳಲಿಲ್ಲ.